ಅತ್ತೆ ಮೇಲಿನ ಕೋಪ ಕೊತ್ತಿಯನ್ನೇ ಹುಡುಕುವುದು ಯಾಕೆ?

ಆಗಸ್ಟ್ ತಿಂಗಳ ಮೊದಲ ಭಾನುವಾರ. ಕುಮಟಾದ ಮೀನು ಮಾರ್ಕೆಟ್ಟು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ನಿಷೇಧ ಮುಗಿದು ಇನ್ನೂ ವಾರ ಆಗಿರಲಿಲ್ಲ. ಕಡಲು ಒರಟಾಗೇ ಇತ್ತು. ಬಂದ ಮೀನು ಕಡಿಮೆ, ಕೊಳ್ಳುವವರು ಜಾಸ್ತಿ. 'ನೂರಕ್ಕೆ ಐದು ಬಾಂಗಡೆ' ಎಂದರು ಬುಟ್ಟಿ ಮುಂದೆ ಕೂತಿದ್ದ ಅಕ್ಕ.

ನನ್ನ ಪಕ್ಕ ನಿಂತಿದ್ದ ಗಂಡಸಿಗೆ ಅದು ಸಹಿಸಲಿಲ್ಲ. 'ಏನು, ಚಿನ್ನ ಮಾರ್ತಿದ್ದೀಯಾ? ನಿಮ್ಮಂಥವರಿಗೆ ಜನರನ್ನ ಸುಲಿಯೋದೇ ಕೆಲಸ' ಎಂದ. ಆಮೇಲೆ ಇನ್ನೂ ನಾಲ್ಕು ಮಾತು, ಇಲ್ಲಿ ಬರೆಯುವಂಥವಲ್ಲ. ಅಕ್ಕ ತಲೆ ಎತ್ತಲಿಲ್ಲ. ಮೀನಿನ ಮೇಲೆ ನೀರು ಚಿಮುಕಿಸುತ್ತಾ ಇದ್ದರು. ಅಷ್ಟರಲ್ಲಿ ಆತನ ಫೋನು ಬಡಿದುಕೊಂಡಿತು. ಹೆಸರು ನೋಡಿದ. 'ಹಾಂ ಸರ್, ಹೇಳಿ ಸರ್. ಇಲ್ಲ ಸರ್, ಏನೂ ತೊಂದ್ರೆ ಇಲ್ಲ, ಫ್ರೀ ಇದ್ದೆ ಸರ್.' ದನಿಯಲ್ಲಿ ಬೆಣ್ಣೆ. ಫೋನು ಕಿಸೆಗೆ ಹೋದ ಕೂಡಲೇ ಮತ್ತೆ 'ಏಯ್' ಶುರುವಾಯಿತು.

'ಅವರಿಗೆ ಸಿಟ್ಟು ಸ್ವಲ್ಪ ಜಾಸ್ತಿ, ಮನಸ್ಸಲ್ಲಿ ಏನೂ ಇಲ್ಲ' ಎಂದು ಇಂಥವರ ಬಗ್ಗೆ ನಾವು ಹೇಳುವುದುಂಟು. ಆ ಫೋನು ಬರದೇ ಇದ್ದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ. ಆದರೆ ನಾನು ಕಣ್ಣಾರೆ ನೋಡಿದ್ದೇ ಬೇರೆ. ಆ ಸಿಟ್ಟಿಗೆ ಬ್ರೇಕು ಇತ್ತು. ಬ್ರೇಕು ಚೆನ್ನಾಗೇ ಕೆಲಸ ಮಾಡುತ್ತಿತ್ತು. ಯಾರ ಮುಂದೆ ಒತ್ತಬೇಕು, ಯಾರ ಮುಂದೆ ಬಿಡಬೇಕು ಎನ್ನುವ ಲೆಕ್ಕವೂ ಆತನಿಗೆ ಗೊತ್ತಿತ್ತು.

ಅವತ್ತಿನಿಂದ ಜನ ಯಾಕೆ ಇಷ್ಟು ಕಟುಕರಾಗುತ್ತಾರೆ ಎಂಬ ಮಾತು ಬಂದಾಗೆಲ್ಲ ನನಗೆ ಎರಡು ಪ್ರಶ್ನೆ ಬೇರೆಬೇರೆಯಾಗಿ ಕಾಣುತ್ತವೆ. ಸಿಟ್ಟು ಎಲ್ಲಿಂದ ಬಂತು ಎನ್ನುವುದು ಒಂದು. ಅದು ಇವರ ಮೇಲೇ ಯಾಕೆ ಬಿತ್ತು ಎನ್ನುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ನಮ್ಮ ಬಣ್ಣ ಗೊತ್ತಾಗುವುದು ಎರಡನೆಯದರಲ್ಲಿ.

ಮೊದಲಿನ ಜನ ಒಳ್ಳೆಯವರಿದ್ದರಾ?

'ಈಗಿನ ಜನ ಮೊದಲಿನ ಹಾಗಿಲ್ಲ' ಎನ್ನುವ ಮಾತು ಶಿರಸಿಯ ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಕಾರವಾರದ ಚಹಾ ಅಂಗಡಿಯಲ್ಲೂ ಕೇಳುತ್ತದೆ. ಇದು ನಮ್ಮೂರಿನ ಕೊರಗು ಮಾತ್ರ ಅಲ್ಲ. ಆಡಮ್ ಮಾಸ್ಟ್ರೊಯಾನಿ ಮತ್ತು ಡ್ಯಾನಿಯೆಲ್ ಗಿಲ್ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಸುಮಾರು 70 ವರ್ಷಗಳ ಸಮೀಕ್ಷೆಗಳನ್ನು ಒಟ್ಟುಹಾಕಿ ನೋಡಿದರು. ಅವರ ಲೇಖನ 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕನಿಷ್ಠ 60 ದೇಶಗಳ ಜನ, ಯಾವ ಕಾಲದಲ್ಲಿ ಕೇಳಿದರೂ, ಒಳ್ಳೆಯತನ ಕಡಿಮೆಯಾಗುತ್ತಾ ಬಂದಿದೆ ಎಂದೇ ಹೇಳಿದ್ದರು. ಆದರೆ ಜನರಿಗೆ 'ನಿನ್ನೆ ನಿಮ್ಮನ್ನು ಯಾರಾದರೂ ಗೌರವದಿಂದ ಕಂಡರಾ' ಎಂಬಂಥ ಪ್ರಶ್ನೆ ಹಾಕಿದಾಗ ಉತ್ತರ ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗಿರಲಿಲ್ಲ.

ಹಾಗಾಗಿ ಕಾಲ ಕೆಟ್ಟಿತು ಎನ್ನುವ ವಾದ ನನಗೆ ಅಷ್ಟು ರುಚಿಸುವುದಿಲ್ಲ. ಇನ್ನೊಂದು ಸುಲಭದ ಉತ್ತರ 'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುವುದು. ಇನ್ನೊಬ್ಬರ ನೋವು ತಟ್ಟದವರು, ಜನರನ್ನು ದಾಳದ ಹಾಗೆ ಬಳಸುವವರು ಇದ್ದಾರೆ, ಇಲ್ಲ ಅನ್ನುತ್ತಿಲ್ಲ. ಅಂಥ ಸ್ವಭಾವಗಳ ಮೇಲೆ ಸಾಕಷ್ಟು ಅಧ್ಯಯನವೂ ಆಗಿದೆ. ಆದರೆ ಅಂಥವರು ಎಲ್ಲ ಊರಲ್ಲೂ ಕೆಲವರೇ. ನಮಗೆ ದಿನಾ ನೋವು ಕೊಡುವವರು ಮಾತ್ರ ಬೇರೆ ಎಲ್ಲೆಡೆ ಒಳ್ಳೆಯವರೇ ಆಗಿರುತ್ತಾರೆ. ಆ ಮೀನು ಮಾರ್ಕೆಟ್ಟಿನ ಮನುಷ್ಯ ಮನೆಗೆ ಹೋಗಿ ಮಗಳಿಗೆ ಬಾಂಗಡೆಯ ಮುಳ್ಳು ಬಿಡಿಸಿ ತಿನ್ನಿಸಿರಬಹುದು.

ಬೆಕ್ಕಿನ ತಪ್ಪೇನೂ ಇರುವುದಿಲ್ಲ

1939ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಐವರು ಸಂಶೋಧಕರು ಒಂದು ಸಿದ್ಧಾಂತ ಮುಂದಿಟ್ಟರು. ಬೇಕಾದದ್ದು ಕೈಗೆ ಸಿಗದೆ ಅಡ್ಡಿಯಾದಾಗ ಮನುಷ್ಯನಲ್ಲಿ ಆಕ್ರಮಣ ಹುಟ್ಟುತ್ತದೆ. ಅಡ್ಡಿ ಮಾಡಿದವರು ಬಲಿಷ್ಠರಾಗಿದ್ದರೆ ಅದು ಬೇರೆಯವರ ಕಡೆ ತಿರುಗುತ್ತದೆ. ಆ ಸಿದ್ಧಾಂತಕ್ಕೆ ಆಮೇಲೆ ತಿದ್ದುಪಡಿಗಳಾದವು. ಲಿಯೊನಾರ್ಡ್ ಬರ್ಕೊವಿಟ್ಜ್ 1989ರಲ್ಲಿ, ಬರೀ ಅಡ್ಡಿ ಅಲ್ಲ, ಸೆಕೆ, ನೋವು ಹೀಗೆ ಮನಸ್ಸಿಗೆ ಹಿತವಲ್ಲದ ಯಾವುದೂ ಸಿಟ್ಟಿಗೆ ಸೌದೆ ಆಗಬಹುದು ಎಂದರು. ಆದರೆ ಸಿಟ್ಟು ದಾರಿ ತಪ್ಪಿ ಇನ್ಯಾರದೋ ಮೇಲೆ ಬೀಳುತ್ತದೆ ಎನ್ನುವ ಭಾಗ ಹಾಗೇ ಉಳಿದುಕೊಂಡಿತು. ನಮ್ಮ ಕಡೆ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಅಜ್ಜಿಯಂದಿರು ಯಾವತ್ತೋ ಹೇಳಿ ಮುಗಿಸಿದ್ದರು.

ಉತ್ತರ ಕನ್ನಡದಲ್ಲಿ ಈ ಸೌದೆಗೆ ಬರ ಇಲ್ಲ. ಕೊಳೆ ರೋಗ ಬಂದರೆ ವರ್ಷದ ಅಡಿಕೆ ಮಣ್ಣುಪಾಲು. ಮೈಲುತುತ್ತ ಹೊಡೆಯಲು ಮಳೆ ಬಿಡಬೇಕು. ಮಳೆ ಬಿಟ್ಟ ದಿನ ಅಡಿಕೆ ಮರ ಹತ್ತುವ ಕೊನೆಗೌಡ ಸಿಗಬೇಕು. ಕರಾವಳಿಯಲ್ಲಿ ಬೋಟು ಇಳಿಸಿದರೆ ಡೀಸೆಲ್ ಖರ್ಚೂ ಹುಟ್ಟದ ದಿನಗಳಿವೆ. ಇನ್ನು ಆಸ್ಪತ್ರೆ. ದೊಡ್ಡ ಕಾಯಿಲೆ ಅಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳ-ಹೊನ್ನಾವರದವರು ಮಣಿಪಾಲ-ಮಂಗಳೂರಿಗೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಜನ ದೊಡ್ಡ ಅಭಿಯಾನವನ್ನೇ ಮಾಡಿದರು. ರಾತ್ರಿ ಹನ್ನೊಂದಕ್ಕೆ 'ಇಲ್ಲಿ ಆಗಲ್ಲ, ಮುಂದೆ ಕರ್ಕೊಂಡು ಹೋಗಿ' ಅನ್ನಿಸಿಕೊಂಡ ಮಗ ಯಾರ ಮೇಲೆ ಕೂಗುತ್ತಾನೆ? ಸೌಲಭ್ಯ ಕೊಡಬೇಕಾದವರು ಅಲ್ಲಿ ಇರುವುದಿಲ್ಲ. ಇರುವವಳು ಎರಡು ಪಾಳಿ ಮಾಡಿ ಸುಸ್ತಾದ ಒಬ್ಬ ನರ್ಸ್. ಅವಳ ಮೇಲೆಯೇ ಕೂಗುತ್ತಾನೆ.

ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಊರಿಗೆಲ್ಲ ಬುದ್ಧಿ ಹೇಳಿದ ಹಾಗಾಗುತ್ತದೆ. ಜಮೀನಿನ ಒಂದು ಕಾಗದಕ್ಕಾಗಿ ಒಂದು ಕಚೇರಿಗೆ ನಾಲ್ಕು ಸಲ ಅಲೆದಿದ್ದೆ. ನಾಲ್ಕನೇ ಸಲವೂ 'ಸೋಮವಾರ ಬನ್ನಿ' ಎಂದರು. 'ಆಯ್ತು ಸರ್' ಎಂದು ಕೈಮುಗಿದು ಬಂದೆ. ಮನೆಗೆ ಬಂದರೆ ಚಹಾ ಸ್ವಲ್ಪ ಸಪ್ಪೆ. ಅಮ್ಮನ ಮೇಲೆ ಹಾರಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, ಲೋಟ ಎತ್ತಿಕೊಂಡು ಹೋಗುವಾಗ ಅಂದಳು: 'ಇದನ್ನ ಅಲ್ಲೇ ಹೇಳಿ ಬರೋದಲ್ವಾ?'

ಅದೇ ವಿಷಯ. ಅಲ್ಲಿ ಹೇಳುವ ಧೈರ್ಯ ನನಗೆ ಇರಲಿಲ್ಲ. ಇಲ್ಲಿ ಧೈರ್ಯವೇ ಬೇಕಿರಲಿಲ್ಲ. ಘಟ್ಟದ ಮೇಲೆ ಬಿದ್ದ ಮಳೆ ಅಘನಾಶಿನಿಯಾಗಿ ಕುಮಟಾದ ಕಡಲಿಗೇ ಇಳಿಯುವ ಹಾಗೆ ಅವಮಾನವೂ ಇಳಿಜಾರು ಹುಡುಕುತ್ತದೆ. ಸಾಹೇಬರಿಂದ ಗುಮಾಸ್ತನಿಗೆ, ಗುಮಾಸ್ತನಿಂದ ರೈತನಿಗೆ, ರೈತನಿಂದ ಆಳಿಗೆ, ಆಳಿನಿಂದ ಹೆಂಡತಿಗೆ, ಅವಳಿಂದ ಮಗುವಿಗೆ. ಸಿಟ್ಟಿಗೆ ಕಾರಣ ನಿಜವಾಗಿಯೂ ಇರುತ್ತದೆ. ಅದರ ಮೇಲೆ ವಿಳಾಸ ಬರೆಯುವವರು ಮಾತ್ರ ನಾವೇ. ಒತ್ತಡವನ್ನು ನೆಪವಾಗಿ ಒಪ್ಪಿಕೊಳ್ಳಲು ನನಗೆ ಆಗದಿರುವುದು ಇದಕ್ಕೇ.

ಅವಸರದ್ದೂ ಒಂದು ಪಾಲಿದೆ. 1973ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಇನ್ನೊಂದು ಕಟ್ಟಡಕ್ಕೆ ಹೋಗಿ ಭಾಷಣ ಮಾಡಬೇಕು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿರುತ್ತಾನೆ. ಸಮಯ ಇದ್ದವರಲ್ಲಿ 63 ಶೇಕಡಾ ಮಂದಿ ಅವನಿಗೆ ನೆರವಾದರು. 'ಆಗಲೇ ತಡವಾಗಿದೆ' ಎಂದು ಹೇಳಿ ಓಡಿಸಿದವರಲ್ಲಿ 10 ಶೇಕಡಾ ಮಾತ್ರ. ತಮಾಷೆ ಏನೆಂದರೆ ಅವರಲ್ಲಿ ಅರ್ಧದಷ್ಟು ಜನ ಮಾಡಲು ಹೊರಟಿದ್ದ ಭಾಷಣ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆಯ ಮನುಷ್ಯನ ಬೈಬಲ್ ಕತೆಯ ಮೇಲೆಯೇ ಆಗಿತ್ತು.

'ಸುಮ್ನೆ ತಮಾಷೆಗೆ'

ಸಿಟ್ಟಿನ ಮಾತು ಕಡೇಪಕ್ಷ ಸಿಟ್ಟಿನ ಮಾತು ಎಂದು ಗೊತ್ತಾಗುತ್ತದೆ. ನಗುವಿನ ಹೊದಿಕೆ ಹಾಕಿಕೊಂಡು ಬರುವ ಕ್ರೌರ್ಯವೇ ಹೆಚ್ಚು ಕಷ್ಟದ್ದು. ನಾನು ಹುಟ್ಟಿದ್ದು ಘಟ್ಟದ ಕೆಳಗೆ, ಹೊಟ್ಟೆಪಾಡು ಘಟ್ಟದ ಮೇಲೆ. ಹಾಗಾಗಿ ಎರಡೂ ಕಡೆಯ ಮದುವೆ-ಮುಂಜಿ ಊಟ ಉಂಡಿದ್ದೇನೆ. ಶಿರಸಿ ಸೀಮೆಯಲ್ಲಿ ಕೇಳುವ ಒಂದು ಪ್ರಶ್ನೆ ಈಗ ರೋಗದ ಹಾಗೆ ಹಬ್ಬಿದೆ: 'ಇನ್ನೂ ಹೆಣ್ಣು ಸಿಕ್ಕಿಲ್ವಾ?'

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ಹೆಣ್ಣುಮಕ್ಕಳು ಓದಿದರು, ಬೆಂಗಳೂರಿಗೆ ಹೋದರು, ಸ್ವಂತ ದುಡಿಮೆ ನೋಡಿದರು. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗನನ್ನು ಒಪ್ಪುವವರು ಕಡಿಮೆಯಾದರು. ಇದರಲ್ಲಿ ಹುಡುಗಿಯರ ತಪ್ಪಿಲ್ಲ. ಅವರ ಅಮ್ಮಂದಿರು ಒಲೆ, ಕೊಟ್ಟಿಗೆ, ಅಡಿಕೆ ಸುಲಿತದ ನಡುವೆ ಸವೆದದ್ದನ್ನು ಅವರು ನೋಡಿದ್ದಾರೆ. ಉಳಿದ ಹುಡುಗನ ತಪ್ಪೂ ಇಲ್ಲ. ವಯಸ್ಸಾದ ಅಪ್ಪ-ಅಮ್ಮನನ್ನು ನೋಡಿಕೊಳ್ಳಲು ಯಾರಾದರೂ ಉಳಿಯಲೇಬೇಕಿತ್ತು.

ಒಂದು ಮುಂಜಿ ಮನೆ. ಮೂವತ್ತಾರು ದಾಟಿದ ಒಬ್ಬ ಹುಡುಗ ಪಂಕ್ತಿಗೆ ಸಾಂಬಾರು ಬಡಿಸುತ್ತಾ ಬಂದ. ಊರಿನ ಯಾವ ಕೆಲಸಕ್ಕಾದರೂ ಮೊದಲು ಬರುವವನು ಅವನೇ. ನನ್ನ ಎದುರು ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಜೋರಾಗಿ ಅಂದರು: 'ಕಂಡವರ ಮನೇಲಿ ಬಡಿಸೋದೇ ಆಯ್ತಲ್ಲೋ, ನಿನ್ನ ಮದುವೆ ಊಟ ಹಾಕಿಸೋದು ಯಾವಾಗ ಮಾರಾಯ?' ಪಂಕ್ತಿ ಪೂರ್ತಿ ನಕ್ಕಿತು. ಹುಡುಗನೂ ನಕ್ಕ. ಮುಂದಿನ ಸುತ್ತಿಗೆ ಸಾಂಬಾರು ತಂದದ್ದು ಬೇರೆಯವರು.

ಆ ಹಿರಿಯರು ಕೆಟ್ಟವರಾ? ಅದಕ್ಕೆ ಹತ್ತು ನಿಮಿಷ ಮೊದಲು, ಕೈ ತೊಳೆಯುವಲ್ಲಿ, ಅವರಿಗೇ ಯಾರೋ ಕೇಳಿದ್ದರು: 'ಮಗ ಈ ವರ್ಷವೂ ಬರಲಿಲ್ವಾ?' ಅವರ ಮಗ ವಿದೇಶದಲ್ಲಿದ್ದಾನೆ. ಊರಿಗೆ ಬಂದು ಕೆಲವು ವರ್ಷಗಳಾಗಿವೆ. ಅವರು ಉತ್ತರ ಕೊಡದೆ ಟವೆಲ್ಲಿನಿಂದ ಕೈ ಒರೆಸಿಕೊಂಡಿದ್ದರು. ಅಲ್ಲಿ ಇಳಿದ ಮರ್ಯಾದೆಯನ್ನು ಪಂಕ್ತಿಯಲ್ಲಿ ಏರಿಸಿಕೊಂಡರು. ನನ್ನ ಮಗ ಬರದಿದ್ದರೇನು, ಇವನಿಗಿಂತ ನಾನು ಮೇಲೆ. ಹೀಗೆಂದು ಅವರು ಲೆಕ್ಕ ಹಾಕಿರಲಿಕ್ಕಿಲ್ಲ. ಇಂಥ ಲೆಕ್ಕ ತಾನಾಗೇ ಆಗುತ್ತದೆ.

ಈಗ ಆ ಹಿರಿಯರಿಗೆ ನೆನಪಿಸಿದರೆ 'ಹೌದಾ, ಹಾಗಂದಿದ್ನಾ?' ಅನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ. ರಾಯ್ ಬಾಮೈಸ್ಟರ್ ಮತ್ತು ಜೊತೆಗಾರರು 1990ರಲ್ಲಿ ಜನರಿಂದ ಎರಡು ಕತೆ ಬರೆಸಿದರು. ನೀವು ಇನ್ನೊಬ್ಬರನ್ನು ನೋಯಿಸಿದ್ದು ಒಂದು, ನಿಮ್ಮನ್ನು ಇನ್ನೊಬ್ಬರು ನೋಯಿಸಿದ್ದು ಇನ್ನೊಂದು. ಬರೆದವರು ಅವರೇ. ಆದರೂ ಎರಡು ಕತೆಗಳಿಗೆ ಹೋಲಿಕೆಯೇ ಇರಲಿಲ್ಲ. ನೋಯಿಸಿದ ಕತೆಯಲ್ಲಿ ಅದೊಂದು ಸಣ್ಣ ಘಟನೆ, ಕಾರಣ ಇತ್ತು, ಮುಗಿದುಹೋಯಿತು. ನೊಂದ ಕತೆಯಲ್ಲಿ ಅದಕ್ಕೆ ಅರ್ಥವೇ ಇರಲಿಲ್ಲ, ಅದು ಇನ್ನೂ ಮುಗಿದಿರಲಿಲ್ಲ. ನಮ್ಮ ತಾಳಮದ್ದಳೆ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಒಳ್ಳೆಯ ಅರ್ಥಧಾರಿ ಕೂತು ಕೌರವನ ಪಾತ್ರಕ್ಕೆ ಮಾತು ಶುರುಮಾಡಿದರೆ ಅರ್ಧ ಗಂಟೆಯಲ್ಲಿ ಸಭೆಗೇ ಅವನ ಕಡೆ ನ್ಯಾಯ ಕಾಣುತ್ತದೆ. ಒಳಗಿನಿಂದ ನೋಡಿದರೆ ಯಾರೂ ಖಳನಾಯಕರಲ್ಲ.

ನಾವು, ಅವರು

ಸಿಟ್ಟನ್ನು ಕಳಿಸುವ ವಿಳಾಸ ಸುಲಭವಾಗಿ ಸಿಗಬೇಕಾದರೆ ಒಂದು ಗುಂಪು ಬೇಕು. ಹೆನ್ರಿ ತಾಜ್‌ಫೆಲ್ ಎಂಬವರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದರು. ಗುಂಪಿಗೆ ಕಾರಣ ಏನೂ ಇಲ್ಲ: ಪರದೆಯ ಮೇಲಿನ ಚುಕ್ಕೆಗಳನ್ನು ಜಾಸ್ತಿ ಎಣಿಸಿದವರು, ಕಡಿಮೆ ಎಣಿಸಿದವರು. ಹುಡುಗರಿಗೆ ತಮ್ಮ ಗುಂಪು ಯಾವುದು ಎಂದಷ್ಟೇ ಗೊತ್ತು, ಉಳಿದವರಲ್ಲಿ ಯಾರು ಯಾವ ಗುಂಪು ಎಂದು ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚಲು ಹೇಳಿದಾಗ ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು. ವಿಚಿತ್ರ ಏನೆಂದರೆ, ತಮ್ಮ ಗುಂಪಿಗೆ ಸ್ವಲ್ಪ ಕಡಿಮೆ ಬಂದರೂ ಚಿಂತೆ ಇಲ್ಲ, ಆ ಗುಂಪಿಗಿಂತ ಜಾಸ್ತಿ ಬಂದರೆ ಸಾಕು ಎಂಬಂತೆ ಹಂಚಿದರು.

ಬರೀ ಚುಕ್ಕೆ ಎಣಿಸಿ ಇಷ್ಟಾದರೆ, ನಮ್ಮಲ್ಲಿ ಸಾಮಾನು ಎಷ್ಟಿಲ್ಲ! ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು. ಕೊಂಕಣಿಯವರು, ಕನ್ನಡದವರು. ಮೀನು ತಿನ್ನುವವರು, ತಿನ್ನದವರು. ಜಾತಿ, ಧರ್ಮ ಅಂತೂ ಇದ್ದೇ ಇವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ತಲೆಮಾರುಗಳಿಂದ ಬದುಕಿರುವ ಸಿದ್ದಿ ಜನರ ಮಕ್ಕಳಿಗೆ ಪೇಟೆಯಲ್ಲಿ ಈಗಲೂ 'ಯಾವ ದೇಶದವರು ನೀವು?' ಎನ್ನುವ ಪ್ರಶ್ನೆ ಬರುತ್ತದೆ. ಕೂದಲಿನ ಬಗ್ಗೆ ಕೀಟಲೆ ಬೇರೆ. ಕೇಳಿದವರಿಗೆ ಅದು ಕುತೂಹಲ. ಕೇಳಿಸಿಕೊಂಡವರಿಗೆ, ತಮ್ಮೂರಲ್ಲೇ ತಾವು ನೆಂಟರು ಎಂಬ ನೆನಪು.

ಹೆಸರು ಇಡುವುದೂ ಸಣ್ಣ ವಿಷಯ ಅಲ್ಲ. ಆಲ್ಬರ್ಟ್ ಬಂಡೂರಾ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಶಿಕ್ಷೆ ಕೊಡಬೇಕಾದವರ ಬಗ್ಗೆ 'ಅವರೆಲ್ಲ ಪ್ರಾಣಿಗಳ ಹಾಗೆ' ಎಂಬ ಒಂದು ಮಾತು ಆಕಸ್ಮಿಕವಾಗಿ ಕಿವಿಗೆ ಬೀಳುವ ಹಾಗೆ ಮಾಡಿದರು. ಅಷ್ಟಕ್ಕೇ ಶಿಕ್ಷೆಯ ಮಟ್ಟ ಏರಿತು. ಒಳ್ಳೆಯ ಮಾತು ಕಿವಿಗೆ ಬಿದ್ದಾಗ ಇಳಿಯಿತು.

ಫೋನು ಈ ಕೆಲಸವನ್ನು ಇನ್ನೂ ಹಗುರ ಮಾಡಿದೆ. ಎದುರಿನವರ ಮುಖ ಕಾಣದಿದ್ದಾಗ ಬಾಯಿ ಸಡಿಲಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದರು. ಆ ಮುಂಜಿ ಮನೆಯ ಹಿರಿಯರಿಗೆ, ನೋಡುವ ಮನಸ್ಸಿದ್ದಿದ್ದರೆ, ಹುಡುಗನ ಮುಖ ಸಣ್ಣದಾದದ್ದು ಕಾಣುತ್ತಿತ್ತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಣುವುದು ಎರಡು ನೀಲಿ ಗೀಟು ಮಾತ್ರ. ಅಲ್ಲಿ ಸಿಟ್ಟಿಗೆ ಬೆಲೆಯೂ ಜಾಸ್ತಿ. 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ನೀತಿ ಮತ್ತು ಭಾವನೆ ಎರಡೂ ಕೂಡಿದ ಒಂದೊಂದು ಪದ ಸೇರಿದಾಗಲೂ ಟ್ವೀಟ್ ಹಂಚಿಕೆ ಸುಮಾರು 20 ಶೇಕಡಾ ಏರುತ್ತಿತ್ತು. 'ನಾಚಿಕೆಗೇಡು', 'ದ್ರೋಹ' ಎಂಬಂಥ ಪದ ಅಂದುಕೊಳ್ಳಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಗಂಗಾವಳಿಯಲ್ಲಿ ಜನರಿಗಾಗಿ ಹುಡುಕಾಟ ನಡೆದಿದ್ದಾಗ ನಾವು ಫೋನಿನಲ್ಲಿ ಏನು ಮಾಡುತ್ತಿದ್ದೆವು? ಆ ರಾಜ್ಯದವರು, ಈ ರಾಜ್ಯದವರು ಎಂದು ಬೈದಾಡುತ್ತಿದ್ದೆವು. ನದಿ ಯಾರ ಭಾಷೆಯನ್ನೂ ಕೇಳಿರಲಿಲ್ಲ.

ಪೆಟ್ಟು ತಿಂದವರೇ ಪೆಟ್ಟು ಕೊಡುತ್ತಾರಾ?

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತೇವೆ. ಅತ್ತೆಯಿಂದ ಅನ್ನಿಸಿಕೊಂಡ ಸೊಸೆ ತಾನು ಅತ್ತೆಯಾದಾಗ ಬಡ್ಡಿ ಸಮೇತ ವಸೂಲಿ ಮಾಡುವುದು ಸುಳ್ಳಲ್ಲ. ಬಾಲ್ಯದಲ್ಲಿ ಹಿಂಸೆ ಕಂಡವರು ಮುಂದೆ ಹಿಂಸೆಗೆ ಇಳಿಯುವ ಸಾಧ್ಯತೆ ಸ್ವಲ್ಪ ಜಾಸ್ತಿ ಎಂದು ಅಧ್ಯಯನಗಳೂ ಹೇಳುತ್ತವೆ. ಆದರೆ ಅದೇ ಅಧ್ಯಯನಗಳ ಇನ್ನೊಂದು ಮುಖವನ್ನು ಯಾರೂ ಓದುವುದಿಲ್ಲ: ಅಂಥ ಬಾಲ್ಯ ಕಂಡವರಲ್ಲಿ ಹೆಚ್ಚಿನವರು ಆ ದಾರಿ ಹಿಡಿಯಲೇ ಇಲ್ಲ. 'ನಮ್ಮ ಅತ್ತೆ ನನಗೆ ಮಾಡಿದ್ದನ್ನ ನಾನು ಇವಳಿಗೆ ಮಾಡೋದಿಲ್ಲ' ಎಂದು ಹಟ ಹಿಡಿದ ಹೆಂಗಸರನ್ನು ನಾನು ನೋಡಿದ್ದೇನೆ. ಅವರ ಬಗ್ಗೆ ಗಾದೆ ಹುಟ್ಟಲಿಲ್ಲ, ಅಷ್ಟೇ.

ಇಷ್ಟು ಹೊತ್ತು ಒಬ್ಬರನ್ನು ಮರೆತಿದ್ದೇವೆ. ನೋಯಿಸುವವರು, ನೋಯುವವರು, ಇವರಿಬ್ಬರ ಸುತ್ತ ನಿಂತು ನೋಡುವವರು. ಮುಂಜಿ ಮನೆಯ ಪಂಕ್ತಿಯಲ್ಲಿ ನಕ್ಕವರಲ್ಲಿ ನಾನೂ ಒಬ್ಬ.

1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಯೇಲ್‌ನಲ್ಲಿ ಶುರುಮಾಡಿದ ಪ್ರಯೋಗ ಬಹಳ ಜನರಿಗೆ ಗೊತ್ತು. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗೆಲ್ಲ ಕರೆಂಟಿನ ಶಾಕ್ ಕೊಡು ಎಂದು ಕೋಟು ಹಾಕಿದ ಒಬ್ಬ ಹೇಳುತ್ತಾನೆ. ಶಾಕ್ ನಿಜವಾದದ್ದಲ್ಲ, ಕೊಡುವವನಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಒತ್ತಿದರು. ಜನ ಎಷ್ಟು ಕಟುಕರು ನೋಡಿ ಎನ್ನಲು ಎಲ್ಲರೂ ಈ ಅಂಕಿಯನ್ನು ತೆಗೆಯುತ್ತಾರೆ. ಅದೇ ಸರಣಿಯ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಮುಖ್ಯ. ಅದರಲ್ಲಿ ಶಾಕ್ ಕೊಡುವವನ ಪಕ್ಕ ಇನ್ನಿಬ್ಬರು ಕೂತಿರುತ್ತಾರೆ. ನಡುವೆ ಒಬ್ಬ 'ನನ್ನಿಂದಾಗದು' ಎಂದು ಏಳುತ್ತಾನೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬನೂ ಏಳುತ್ತಾನೆ. ಆಗ ಕೊನೆಯವರೆಗೆ ಒತ್ತಿದವರು 40ರಲ್ಲಿ 4 ಜನ ಮಾತ್ರ. ಅವರೇನು ಬೇರೆ ತಳಿಯ ಮನುಷ್ಯರಲ್ಲ. ಅದೇ ಊರಿನ, ಅಂಥದೇ ಜನ. ಪಕ್ಕದವರು ಎದ್ದದ್ದು ಮಾತ್ರ ಬೇರೆ.

ಅವತ್ತು ಪಂಕ್ತಿಯಲ್ಲಿ ಒಬ್ಬರು ಎದ್ದಿದ್ದರೆ? ಏಳುವುದೂ ಬೇಡ, ನಗದೇ ಇದ್ದಿದ್ದರೆ? ಅಥವಾ 'ಬಿಡು ಮಾರಾಯ, ನಿನ್ನ ಮಗನ ಸುದ್ದಿ ಹೇಳು' ಎಂದಿದ್ದರೆ? ಇಲ್ಲ, ಆ ಕೊನೆಯದು ಬೇಡ. ಅದು ಮತ್ತೊಂದು ಇಳಿಜಾರು ಆಗುತ್ತಿತ್ತು.

ಮೀನು ಮಾರ್ಕೆಟ್ಟಿನಲ್ಲೂ ನಾನು ಸುಮ್ಮನೇ ನಿಂತಿದ್ದೆ. ಐದು ಬಾಂಗಡೆ ತಗೊಂಡು, ಚಿಲ್ಲರೆ ಇಸಗೊಂಡು ಬಂದೆ.

ನವರಾತ್ರಿ ಕಳೆದ ಮೇಲೆ ಅದೇ ಅಕ್ಕನ ಹತ್ತಿರ ಮತ್ತೆ ಮೀನಿಗೆ ನಿಂತಿದ್ದೆ. ಆಗ ಬಾಂಗಡೆ ಧಾರಾಳ, ನೂರಕ್ಕೆ ಹತ್ತು. ಅದೇ ಮನುಷ್ಯ ಬಂದ. ಜೊತೆಗೆ ಇಸ್ತ್ರಿ ಅಂಗಿಯ ಇನ್ನೊಬ್ಬರಿದ್ದರು. ಆತ ಅವರ ಚೀಲ ಹಿಡಿದುಕೊಂಡಿದ್ದ. ಫೋನಿನ 'ಸರ್' ಇವರೇ ಇರಬೇಕು ಅಂದುಕೊಂಡೆ. ಬುಟ್ಟಿ ಮುಂದೆ ಬಗ್ಗಿ, 'ಅಕ್ಕಾ, ಚೆನ್ನಾಗಿರೋದು ನೋಡಿ ಕೊಡಿ, ನಮ್ಮ ಸಾಹೇಬರು ಬಂದಿದ್ದಾರೆ' ಎಂದ. ಎಷ್ಟಕ್ಕೆ ಎಷ್ಟು ಎಂದು ಕೇಳಲೂ ಇಲ್ಲ.

ಅಕ್ಕ ಅವನ ಮುಖವನ್ನೊಮ್ಮೆ ನೋಡಿದರು, ಸಾಹೇಬರ ಮುಖವನ್ನೊಮ್ಮೆ ನೋಡಿದರು. ನೂರು ರೂಪಾಯಿ ಸೆರಗಿಗೆ ಸಿಕ್ಕಿಸಿಕೊಂಡು ಏಳು ಬಾಂಗಡೆ ಎಣಿಸಿ ಹಾಕಿದರು. ಆತ ಎಣಿಸುವುದನ್ನು ನೋಡುತ್ತಲೇ ಇದ್ದ. ಏನೂ ಹೇಳಲಿಲ್ಲ.